ಕಿಲೋ ಲೆಕ್ಕದ ಪರಿಹಾರ

“ಅದರ ತೂಕ ಎಷ್ಟು, ಸರ್?”

ಕೊರಿಯರ್ ಕಂಪನಿಯ ಪರಿಹಾರ ವಿಭಾಗದ ಯುವತಿ ಹೀಗೆ ಕೇಳುವ ಮೊದಲು ನಾನು ಬಹಳ ಹೊತ್ತು ಬಿಡದೆ ಮಾತನಾಡಿದ್ದೆ. ಒಡೆದು ಬಂದದ್ದು ನನಗೆ ಜೀವಶಾಸ್ತ್ರ ಕಲಿಸಿದ ಮೇಷ್ಟ್ರ ಹಿತ್ತಾಳೆಯ ಸೂಕ್ಷ್ಮದರ್ಶಕವೆಂದೂ, ಅವರು ತೀರಿಕೊಂಡ ಮೇಲೆ ಅವರ ಪತ್ನಿ ಅದನ್ನು ನನ್ನ ವಿಳಾಸಕ್ಕೆ ಕಳಿಸಿದ್ದರೆಂದೂ, ದುಡ್ಡು ಕೊಟ್ಟರೂ ಅಂಥದ್ದು ಇನ್ನೊಂದು ಸಿಗುವುದಿಲ್ಲವೆಂದೂ ವಿವರಿಸಿದ್ದೆ. ಆಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಸ್ವಲ್ಪವೂ ಒರಟಾಗದೆ, ಕೇಳಿದ್ದು ಇಷ್ಟೇ. ಒರಟಾಗಿ ಕೇಳಿದ್ದರೆ ಜಗಳವಾಡಿ ಮರೆತುಬಿಡುತ್ತಿದ್ದೆನೇನೋ. ಅಷ್ಟು ವಿನಯದಿಂದ ಕೇಳಿದ್ದರಿಂದಲೇ ಈ ವಾರವಿಡೀ ಆ ಪ್ರಶ್ನೆ ಕಿವಿಯಲ್ಲಿ ಉಳಿದುಬಿಟ್ಟಿದೆ.

ಅಮ್ಮ (ಮೇಷ್ಟ್ರ ಪತ್ನಿಯನ್ನು ನಾವು ವಿದ್ಯಾರ್ಥಿಗಳೆಲ್ಲ ಹಾಗೆಯೇ ಕರೆಯುವುದು) ಈಗ ಮಗನೊಂದಿಗೆ ದೂರದ ದೇಶದಲ್ಲಿದ್ದಾರೆ. ಮಗನಿಗೆ ಆ ಉಪಕರಣ ಕಪಾಟಿನ ಜಾಗ ತಿನ್ನುವ ವಸ್ತುವಾಗಿತ್ತೇ ಹೊರತು ಬೇರೇನೂ ಆಗಿರಲಿಲ್ಲ. ಒಳ್ಳೆಯವನೇ, ಆದರೆ ತಂದೆಯ ಕೆಲಸದಲ್ಲಿ ಎಂದೂ ಆಸಕ್ತಿ ತೋರಿದವನಲ್ಲ. ಹಾಗಾಗಿ ಅವನ ಕೈಗೆ ಕೊಡದೆ ಅಮ್ಮ ತಾವೇ ಅದನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಸುತ್ತಲೂ ಬಟ್ಟೆ ತುರುಕಿ, ರಟ್ಟಿನ ಡಬ್ಬಕ್ಕೆ ಹಾಕಿ, ನಾಲ್ಕೂ ಕಡೆ ಟೇಪು ಸುತ್ತಿದ್ದರು. ‘ಒಡೆಯುವ ವಸ್ತು’ ಎಂಬ ಕೆಂಪು ಚೀಟಿಯನ್ನೂ ಅಂಟಿಸಿದ್ದರು. ದೊಡ್ಡ ವಿಂಗಡಣಾ ಕೇಂದ್ರಗಳಲ್ಲಿ ಡಬ್ಬಗಳನ್ನು ಬೆಲ್ಟಿನಿಂದ ಬೆಲ್ಟಿಗೆ ದಾಟಿಸುವ ಯಂತ್ರ ಬಾರ್‌ಕೋಡನ್ನು ಓದುತ್ತದೆಯೇ ಹೊರತು ಆ ಚೀಟಿಯನ್ನಲ್ಲ.

ಡಬ್ಬ ನನ್ನ ಬಾಗಿಲಿಗೆ ಬಂದಾಗ ಅದರ ಮೇಲೆ ಒಂದು ಗೀರೂ ಇರಲಿಲ್ಲ. ತಂದವನು ಮೊಬೈಲಿನ ಪರದೆಯ ಮೇಲೆ ಬೆರಳಿನಿಂದ ಸಹಿ ಮಾಡಿಸಿಕೊಂಡು ಹೋದ. ಅವನಿಗೆ ದಿನಕ್ಕೆ ಎಷ್ಟು ಮನೆ ಮುಟ್ಟಿಸಬೇಕೋ, ಬಿಚ್ಚಿ ನೋಡುವವರೆಗೆ ನಿಲ್ಲೆಂದು ಯಾರು ಹೇಳಿಯಾರು? ಬಿಚ್ಚಿದರೆ, ಕುದುರೆಲಾಳದ ಆಕಾರದ ಎರಕದ ಕಬ್ಬಿಣದ ತಳ ಒಳಪೆಟ್ಟಿಗೆಯ ಮೊಳೆ ಕಿತ್ತುಕೊಂಡು ಹೊರಬಂದು, ಎಲ್ಲೋ ಡಬ್ಬ ಬಿದ್ದ ಆ ಒಂದು ಗಳಿಗೆಯಲ್ಲಿ ಸುತ್ತಿಗೆಯಂತೆ ಕೆಲಸ ಮಾಡಿತ್ತು. ನಳಿಕೆ ಬಾಗಿತ್ತು, ಕೆಳಗಿನ ಕನ್ನಡಿ ಚೂರಾಗಿತ್ತು, ಹೆಚ್ಚಿನ ಶಕ್ತಿಯ ವಸ್ತುಮಸೂರ ಸೀಳಿತ್ತು. ಭಾರವಾದ ವಸ್ತು ಹೊರಗಿನ ಪೆಟ್ಟಿಗಿಂತ ತನ್ನದೇ ಭಾರದಿಂದ ಹಾಳಾಗುವುದು ಹೀಗೆ, ಹೊರಗೆ ಯಾವ ಗುರುತೂ ಉಳಿಯದಂತೆ.

ಇನ್ನು ತೂಕದ ವಿಷಯ. ಆಕೆಯ ಪ್ರಶ್ನೆ ಉಡಾಫೆಯದಲ್ಲ, ಕಾನೂನಿನದು ಎಂಬುದು ಆಮೇಲೆ ಓದಿದಾಗ ತಿಳಿಯಿತು. ದೇಶ ದಾಟಿ ವಿಮಾನದಲ್ಲಿ ಬರುವ ಸರಕಿಗೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಅದರ ಪ್ರಕಾರ ಸರಕು ನಷ್ಟವಾದರೆ ಅಥವಾ ಹಾಳಾದರೆ ಸಾಗಿಸಿದವರು ಕೊಡಬೇಕಾದ ಪರಿಹಾರದ ಮಿತಿ ಕಿಲೋ ಒಂದಕ್ಕೆ ಇಷ್ಟು ಎಂದು ನಿಗದಿಯಾಗಿದೆ: ಮೊದಲು 17 ಎಸ್‌ಡಿಆರ್ ಇದ್ದದ್ದು ಏರುತ್ತಾ ಬಂದು 2024ರ ಡಿಸೆಂಬರ್ 28ರಿಂದ 26 ಆಗಿದೆ. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯು ಡಾಲರ್, ಯೂರೋ, ಯುವಾನ್, ಯೆನ್, ಪೌಂಡ್ ಎಂಬ ಐದು ನಾಣ್ಯಗಳನ್ನು ಸೇರಿಸಿ ಲೆಕ್ಕ ಹಾಕುವ ಒಂದು ಘಟಕ. ಯಾರ ಜೇಬಿನಲ್ಲೂ ಇಲ್ಲದ ಹಣ. ಈ ಕಿಲೋ ಲೆಕ್ಕ ಇಂದಿನದೂ ಅಲ್ಲ. 1929ರ ವಾರ್ಸಾ ಒಪ್ಪಂದದಲ್ಲಿಯೇ ಕಿಲೋಗೆ 250 ಫ್ರಾಂಕ್ ಎಂದು ಬರೆದಿತ್ತು. ವಿಮಾನಯಾನ ಆಗ ಎಳೆಯ ಉದ್ಯಮ, ಒಂದು ಅಪಘಾತಕ್ಕೆ ಮುಳುಗಿಹೋಗದಿರಲಿ ಎಂದು ಅದಕ್ಕೆ ಕೊಟ್ಟ ಆಸರೆ ಅದು. ಉದ್ಯಮ ಬೆಳೆದು ದೊಡ್ಡದಾದರೂ ಆಸರೆಯನ್ನು ಯಾರೂ ತೆಗೆಯಲಿಲ್ಲ.

ಮಿತಿಯಿಂದ ತಪ್ಪಿಸಿಕೊಳ್ಳುವ ದಾರಿಯೂ ಅದೇ ಒಪ್ಪಂದದಲ್ಲಿದೆ. ಕಳಿಸುವವರು ಕಳಿಸುವಾಗಲೇ ಇದರ ಮೌಲ್ಯ ಇಷ್ಟೆಂದು ವಿಶೇಷವಾಗಿ ಘೋಷಿಸಿ, ಅದಕ್ಕೆ ಹೆಚ್ಚುವರಿ ಹಣ ಕಟ್ಟಬೇಕು. ಗೊತ್ತಿದ್ದವರು ಹಾಗೆಯೇ ಮಾಡುತ್ತಾರೆ. 1958ರಲ್ಲಿ ವಜ್ರದ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ತಮ್ಮ ಹೋಪ್ ವಜ್ರವನ್ನು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದಾಗ ಕಟ್ಟಿದ ಒಟ್ಟು ಹಣ 145.29 ಡಾಲರ್. ಅದರಲ್ಲಿ ಅಂಚೆ ವೆಚ್ಚ 2.44 ಡಾಲರ್ ಮಾತ್ರ, ಉಳಿದದ್ದೆಲ್ಲ ಹತ್ತು ಲಕ್ಷ ಡಾಲರ್‌ಗಳ ವಿಮೆಗೆ. ಆ ಕಲ್ಲಿನ ತೂಕ 45 ಕ್ಯಾರಟ್‌ಗಿಂತ ಸ್ವಲ್ಪ ಹೆಚ್ಚು, ಅಂದರೆ ಒಂಬತ್ತು ಗ್ರಾಂ ಚಿಲ್ಲರೆ. ಕಲ್ಲನ್ನಷ್ಟೇ ತೂಗಿ ಇಂದಿನ ಕಿಲೋ ಲೆಕ್ಕ ಹಾಕಿದರೆ ಕಾಲು ಎಸ್‌ಡಿಆರ್ ಕೂಡ ಆಗುವುದಿಲ್ಲ.

ವಿನ್‌ಸ್ಟನ್ ವ್ಯಾಪಾರಿ, ವಸ್ತುವಿಗೆ ಬೆಲೆ ಕಟ್ಟುವುದೇ ಅವರ ವೃತ್ತಿ. ಅಮ್ಮನ ಮುಂದೆ ಕೌಂಟರಿನವನು ಇಟ್ಟದ್ದು ಒಂದೇ ಖಾನೆ, ಅದೂ ಸುಂಕದವರಿಗಾಗಿ ಇರುವ ಖಾನೆ. “ಹಳೆಯದು ತಾನೇ, ಕಡಿಮೆ ಬರೆಯೋಣ, ಅಲ್ಲಿ ಬಿಡಿಸಿಕೊಳ್ಳುವವರಿಗೆ ಸುಂಕ ಉಳಿಯುತ್ತದೆ” ಎಂದು ಅವನೇ ಒಂದು ಅಲ್ಪ ಮೊತ್ತ ತುಂಬಿದನಂತೆ. ಸಾಗಣೆಯ ಹೊಣೆಗೆ ಬೇರೆಯೇ ಘೋಷಣೆ ಬೇಕೆಂಬುದನ್ನು ಅವನು ಹೇಳಲಿಲ್ಲ. ಈಗ ಕಂಪನಿ ಆ ಅಲ್ಪ ಮೊತ್ತವನ್ನೇ ತೋರಿಸಿ, ವಸ್ತುವಿನ ಬೆಲೆ ಇಷ್ಟೇ ಎಂದು ನೀವೇ ಬರೆದಿದ್ದೀರಲ್ಲ ಎನ್ನುತ್ತಿದೆ. ಈ ಇಡೀ ಪ್ರಕರಣದಲ್ಲಿ ನನಗೆ ಸಿಟ್ಟು ಬಂದದ್ದು ಅವನೊಬ್ಬನ ಮೇಲೆ. ಡಬ್ಬ ಬೀಳಿಸಿದ ಕೈ ಯಾವುದೋ, ಅದು ದಣಿದಿದ್ದಿರಬಹುದು. ಇವನು ಮಾತ್ರ ಕುಳಿತಲ್ಲಿಂದಲೇ, ಉಪಕಾರ ಮಾಡುವ ದನಿಯಲ್ಲಿ, ಮೇಷ್ಟ್ರ ಸೂಕ್ಷ್ಮದರ್ಶಕವನ್ನು ಅಗ್ಗ ಮಾಡಿದ.

ಪರಿಹಾರಕ್ಕೆ ಅರ್ಜಿ ಹಾಕಬೇಕಾದವರು ಕಳಿಸಿದವರೇ, ಒಪ್ಪಂದ ಇರುವುದು ಅವರ ಜೊತೆ, ಎಂದು ಕಂಪನಿ ಹೇಳಿದ್ದರಿಂದ ಒಡೆದ ಸುದ್ದಿಯನ್ನು ಅಮ್ಮನಿಂದ ಮುಚ್ಚಿಡುವ ಹಾಗಿರಲಿಲ್ಲ. ಹಾನಿಯ ದೂರನ್ನು ಕೈಸೇರಿದ 14 ದಿನಗಳೊಳಗೆ ಬರಹದಲ್ಲಿ ಕೊಡದಿದ್ದರೆ ಹಕ್ಕು ಹೋದಂತೆಯೇ. ಫೋನು ಮಾಡಿ, ಆದದ್ದನ್ನು ಹೇಳಿ, ಅರ್ಜಿಯಲ್ಲಿ ಏನೇನು ತುಂಬಬೇಕೆಂದು ಒಂದೊಂದಾಗಿ ವಿವರಿಸುತ್ತಾ ತೂಕದ ಖಾನೆಗೆ ಬಂದೆ. ಅಮ್ಮ ಅಲ್ಲಿಯವರೆಗೆ ಹೂಂಗುಟ್ಟುತ್ತಿದ್ದವರು ಥಟ್ಟನೆ ಕೇಳಿದರು: “ತೂಕಕ್ಕೆ ಹಾಕೋದಕ್ಕೆ ಅದೇನು ಗುಜರಿಯೇನೋ?”

ಎಷ್ಟು ಪುಟ ಓದಿದ್ದರೂ ನಾನು ಇಷ್ಟು ನೇರವಾಗಿ ಹೇಳಲಾರದೆ ಇದ್ದದ್ದನ್ನು ಅವರು ಒಂದೇ ಉಸಿರಿಗೆ ಹೇಳಿದ್ದರು. ಕಾನೂನು ಆ ಉಪಕರಣವನ್ನು ನೋಡುವುದು ಗುಜರಿಯವನ ಕಣ್ಣಿನಿಂದಲೇ. ಆದರೂ ಅನ್ಯಾಯವೆಂದು ಪೂರ್ತಿ ತಳ್ಳಿಹಾಕಲೂ ನನ್ನಿಂದ ಆಗುತ್ತಿಲ್ಲ. ಲಕ್ಷಾಂತರ ಮುಚ್ಚಿದ ಡಬ್ಬಗಳನ್ನು ಹೊರುವವರಿಗೆ ಯಾವುದರೊಳಗೆ ಏನಿದೆ ಎಂದು ತಿಳಿಯುವ ಬಗೆಯಿಲ್ಲ. ಅವರ ಕೈಗೆ ಸಿಗುವ ಅಳತೆ ತೂಕವೊಂದೇ. ಉಳಿದದ್ದನ್ನು ನಾವು ಬಾಯಿಬಿಟ್ಟು ಹೇಳಬೇಕು, ಹೇಳಬಹುದೆಂದು ಅವರು ತಿಳಿಸಬೇಕು. ಆ ಎರಡನೆಯದು ಯಾವ ಒಪ್ಪಂದದ ಯಾವ ಕಲಮಿನಲ್ಲಾದರೂ ಕಡ್ಡಾಯವಾಗಿದೆಯೇ ಎಂದು ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ.

ಕಂಪನಿಯ ಮೊದಲ ಉತ್ತರ ನಿನ್ನೆ ಬಂದಿದೆ: ‘ಪ್ಯಾಕಿಂಗ್ ಸಮರ್ಪಕವಾಗಿಲ್ಲ.’ ಕಳಿಸಿದವರ ಪ್ಯಾಕಿಂಗ್ ದೋಷದಿಂದಲೇ ಹಾನಿಯಾಗಿದ್ದರೆ ಸಾಗಿಸಿದವರಿಗೆ ಹೊಣೆಯಿಲ್ಲವೆಂಬುದು ನಿಜ. ಸಾಗಣೆಯ ಪ್ಯಾಕಿಂಗನ್ನು ಪರೀಕ್ಷಿಸುವ ಕ್ರಮಗಳನ್ನು ರೂಪಿಸುವ ಐಎಸ್‌ಟಿಎ ಎಂಬ ಸಂಸ್ಥೆಯ ಮೂಲಭೂತ ಪರೀಕ್ಷೆಯಲ್ಲಿ ಈ ತೂಕದ ಡಬ್ಬವನ್ನು ಸುಮಾರು 76 ಸೆಂಟಿಮೀಟರ್ ಎತ್ತರದಿಂದ ಹತ್ತು ಸಲ, ಒಂದು ಮೂಲೆ, ಮೂರು ಅಂಚು, ಆರು ಮುಖಗಳ ಮೇಲೆ ಬೀಳಿಸುತ್ತಾರೆ. ಡಬ್ಬಗಳು ಬೀಳುತ್ತವೆಂಬುದು ಈ ಉದ್ಯಮಕ್ಕೆ ಗುಟ್ಟಿನ ವಿಷಯವಲ್ಲ ಎಂದಾಯಿತು. ವಯಸ್ಸಾದ ಹೆಂಗಸೊಬ್ಬರು ತುರುಕಿದ ಬಟ್ಟೆ ಆ ಪರೀಕ್ಷೆ ಪಾಸಾಗುವುದಿಲ್ಲವೆಂದು ಕಂಪನಿಗೆ ಕಾಣುತ್ತಿದ್ದರೆ, ಕೌಂಟರಿನಲ್ಲಿ ಹಣ ಎಣಿಸಿಕೊಳ್ಳುವಾಗಲೇ ಕಾಣಬೇಕಿತ್ತು ಎಂದು ಅಮ್ಮನ ಪರವಾಗಿ ಉತ್ತರ ಬರೆದುಕೊಟ್ಟಿದ್ದೇನೆ.

ಈ ನಡುವೆ ಹಳೆಯ ಉಪಕರಣಗಳನ್ನು ರಿಪೇರಿ ಮಾಡುವವರೊಬ್ಬರು ಚಿತ್ರಗಳನ್ನು ನೋಡಿ, ನಳಿಕೆಯನ್ನು ನೇರ ಮಾಡಬಹುದು, ಮಸೂರಕ್ಕೂ ಚಿಂತೆ ಬೇಡ ಎಂದಿದ್ದಾರೆ. ವಸ್ತುಮಸೂರದ ತಿರುಪಿನ ಅಳತೆಯನ್ನು ಲಂಡನ್ನಿನ ಸೂಕ್ಷ್ಮದರ್ಶಕ ಸಂಘ ಹತ್ತೊಂಬತ್ತನೆಯ ಶತಮಾನದಲ್ಲೇ ಗೊತ್ತುಮಾಡಿದ್ದು, ಇಂದಿಗೂ ಅನೇಕ ತಯಾರಕರು ಅದನ್ನೇ ಪಾಲಿಸುವುದರಿಂದ, ಬೇರೆಯವರ ಮಸೂರವೂ ಇದಕ್ಕೆ ಕೂರುತ್ತದಂತೆ. ಪರಿಹಾರ ಕಿಲೋ ಲೆಕ್ಕದಲ್ಲಿ ಬಂದರೂ ಒಂದು ಮಸೂರಕ್ಕಾದರೂ ಆಗುತ್ತದೆಯೇ ನೋಡು ಎನ್ನುತ್ತಾರೆ ಅಮ್ಮ. ಆದರೆ ಪರಿಶೀಲಕರು ಬಂದು ನೋಡುವವರೆಗೆ ಮುರಿದ ಭಾಗಗಳನ್ನಾಗಲಿ, ಡಬ್ಬ, ಬಟ್ಟೆ, ಟೇಪುಗಳನ್ನಾಗಲಿ ಮುಟ್ಟುವಂತಿಲ್ಲ. ಅವರು ಬರುವ ದಿನವನ್ನು ಕಂಪನಿ ಇನ್ನೂ ತಿಳಿಸಿಲ್ಲ.