ಗೇಮ್ ಜಾಸ್ತಿಯಾದರೆ ಲ್ಯಾಪ್‌ಟಾಪ್ ನಿಧಾನವಾಗುತ್ತಾ?

ನಿನ್ನೆ ರಾತ್ರಿ ತಮ್ಮ ಲ್ಯಾಪ್‌ಟಾಪ್ ತಂದು ಮುಂದಿಟ್ಟ. "ಅಕ್ಕಾ, ಆನ್ ಆಗೋಕೇ ಐದು ನಿಮಿಷ ಬೇಕು. ಗೇಮ್ ಎಲ್ಲಾ ತೆಗೆದುಬಿಡ್ಲಾ?" ಮುಖ ಸಪ್ಪಗಿತ್ತು. ತಿಂಗಳುಗಟ್ಟಲೆ ಆಡಿದ ಆಟಗಳು, ಬೇಜಾರಾಗುತ್ತೆ ಅಲ್ವಾ.

ತೆಗೀಬೇಡ ಅಂದೆ. ಇನ್‌ಸ್ಟಾಲ್ ಆಗಿ ಸುಮ್ನೆ ಕೂತಿರುವ ಗೇಮ್ ಡಿಸ್ಕ್‌ನಲ್ಲಿ ಜಾಗ ಹಿಡಿದಿರುತ್ತದೆ, ಅಷ್ಟೇ. ಪ್ರೊಸೆಸರ್‌ಗಾಗಲಿ, ಓಡುತ್ತಿರುವ ಕೆಲಸಗಳ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ಗಾಗಲಿ ಅದರಿಂದ ಹೊರೆ ಇಲ್ಲ. ತೊಂದರೆ ಶುರುವಾಗುವುದು ಜಾಗ ಮುಗಿಯುತ್ತಾ ಬಂದಾಗ. ಅವನ ಸಿ ಡ್ರೈವ್‌ನಲ್ಲಿ ಎಷ್ಟು ಜಾಗ ತುಂಬಿದೆ ಅಂತ ತೋರಿಸುವ ಪಟ್ಟಿ ಕೆಂಪಗಾಗಿತ್ತು. ರ‍್ಯಾಮ್ ಸಾಲದಿದ್ದಾಗ ವಿಂಡೋಸ್ ಡಿಸ್ಕ್‌ನಲ್ಲೇ ಸ್ವಲ್ಪ ಜಾಗ ಬಳಸಿಕೊಳ್ಳುತ್ತದೆ. ಅಪ್‌ಡೇಟ್‌ಗೂ ಜಾಗ ಬೇಕು. ಎಸ್‌ಎಸ್‌ಡಿ (ಚಿಪ್‌ನಲ್ಲಿ ಡೇಟಾ ಇಡುವ ವೇಗದ ಡಿಸ್ಕ್) ಆದರೂ ಅಷ್ಟೇ, ಹಳೆಯ ಡೇಟಾ ಇರುವ ಭಾಗಗಳನ್ನು ಅಳಿಸಿ ಹೊಂದಿಸಿಕೊಳ್ಳಲು ಖಾಲಿ ಜಾಗ ಸಿಗದಿದ್ದರೆ ಬರೆಯುವ ವೇಗ ಇಳಿಯುತ್ತದೆ.

ಆದರೆ ಜಾಸ್ತಿ ಕಾಟ ಕೊಡುತ್ತಿದ್ದದ್ದು ಬೇರೆ. ಗಡಿಯಾರದ ಹತ್ತಿರದ ಸಣ್ಣ ಬಾಣ ಒತ್ತಿದೆ. ನಾಲ್ಕು ಗೇಮ್ ಲಾಂಚರ್‌ಗಳು, ಅಂದ್ರೆ ಗೇಮ್ ಇಳಿಸಿಕೊಂಡು ತೆರೆಯುವ ಆ್ಯಪ್‌ಗಳು, ಸಾಲಾಗಿ ಕೂತಿದ್ದವು! ಯಾವುದನ್ನೂ ಅವನು ತೆರೆದಿರಲಿಲ್ಲ. ಒಂದು ಆಗಲೇ ಅಪ್‌ಡೇಟ್ ಇಳಿಸುತ್ತಿತ್ತು, ಫ್ಯಾನ್ ಬುಸುಗುಡುತ್ತಿತ್ತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಲ್ಯಾಪ್‌ಟಾಪ್ ಆನ್ ಆದಾಗ ತಾವಾಗೇ ಶುರುವಾಗುವ ಆ್ಯಪ್‌ಗಳ ಸ್ಟಾರ್ಟಪ್ ಪಟ್ಟಿಯಲ್ಲಿ ನಾಲ್ಕನ್ನೂ ಡಿಸೇಬಲ್ ಮಾಡಿದೆವು. ಗೇಮ್‌ಗಳು ಹಾಗೇ ಇರುತ್ತವೆ. ಆಡಬೇಕಾದಾಗ ಲಾಂಚರ್ ತೆರೆದರೆ ಸಾಕು.

ಆಡಿ ಮುಗಿಸಿದ್ದ ಎರಡು ದೊಡ್ಡ ಗೇಮ್‌ಗಳನ್ನು ಅವನೇ ಆರಿಸಿ ತೆಗೆದ. ಕೆಂಪು ಪಟ್ಟಿ ನೀಲಿಯಾಯಿತು. ರೀಸ್ಟಾರ್ಟ್ ಮಾಡಿ ಇಬ್ಬರೂ ಪರದೆ ನೋಡುತ್ತಾ ಕೂತೆವು. ಒಂದು ನಿಮಿಷವೂ ಆಗಲಿಲ್ಲ, ಡೆಸ್ಕ್‌ಟಾಪ್ ಬಂತು. ಹೀಗೆ ಗೊತ್ತಿಲ್ಲದೆ ಎಷ್ಟು ಜನ ಇಷ್ಟದ ಗೇಮ್‌ಗಳನ್ನೆಲ್ಲ ಅಳಿಸಿಬಿಟ್ಟಿದ್ದಾರೋ ಅನ್ನಿಸಿತು.