ರಾತ್ರಿ ಮನೆಗೆ ಬಂದರೆ ಸಾಕಾ? ಫೀಲ್ಡ್ ಕೆಲಸ ಮತ್ತು ಒಂದು ಕೂಸು

ಔಷಧ ಕಂಪನಿಯೊಂದರಲ್ಲಿ ಏರಿಯಾ ಮ್ಯಾನೇಜರ್ ಕೆಲಸ ನನ್ನದು. ಹೆಡ್‌ಕ್ವಾರ್ಟರ್ ಹುಬ್ಬಳ್ಳಿ. ಡಾಕ್ಟರ್‌ಗಳನ್ನ ಕಂಡು ಕಂಪನಿಯ ಔಷಧ ಪರಿಚಯಿಸೋ ರೆಪ್‌ಗಳ ಜೊತೆ ಜಾಯಿಂಟ್ ವರ್ಕ್ ಅಂತ ಬೆಳಗಾವಿ, ಗದಗ, ಬಾಗಲಕೋಟೆ, ವಿಜಯಪುರ, ಹಾವೇರಿ, ಕಾರವಾರ ಸುತ್ತಬೇಕು. ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ಊರಾಚೆಯೇ. ಈ ಲೈನಿನಲ್ಲಿ ಹೆಂಗಸರೇ ಕಡಿಮೆ, ಹೆರಿಗೆ ಆದಮೇಲೆ ವಾಪಸ್ ಫೀಲ್ಡಿಗೆ ಬಂದವರನ್ನಂತೂ ಹುಡುಕಬೇಕು. ಹಾಗಾಗಿ ಹೊಸದಾಗಿ ಸೇರಿದ ಹುಡುಗಿಯರು ಸಿಕ್ಕಾಗೆಲ್ಲ ಕೇಳೋದು ಒಂದೇ: "ಮೇಡಂ, ಹೆಂಗ್ ಮಾಡಿದ್ರೀ?" ಬಸ್ ಸ್ಟ್ಯಾಂಡಿನಲ್ಲಿ ನಿಂತು ಐದು ನಿಮಿಷದಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ, ಅದಕ್ಕೇ ಬರೀತಿದ್ದೀನಿ.

ನಮ್ಮ ಲೈನ್ ಗೊತ್ತಿಲ್ಲದವರಿಗೆ ಮೊದಲು ಒಂದೆರಡು ಮಾತು. ನಮ್ಮ ದಿನಗಳು ಮೂರು ಥರ. ಊರಲ್ಲೇ ಕೆಲಸ ಮಾಡಿದರೆ ಎಚ್‌ಕ್ಯೂ. ಬೆಳಿಗ್ಗೆ ಬೇರೆ ಊರಿಗೆ ಹೋಗಿ ರಾತ್ರಿ ವಾಪಸ್ ಬಂದರೆ ಎಕ್ಸ್. ಅಲ್ಲೇ ಉಳಿದರೆ ಔಟ್‌ಸ್ಟೇಷನ್, ಅಂದ್ರೆ ಓಎಸ್. ಯಾವ ದಿನ ಎಲ್ಲಿ ಅನ್ನೋದನ್ನ ಹಿಂದಿನ ತಿಂಗಳ ಕೊನೆಗೇ ಟೂರ್ ಪ್ರೋಗ್ರಾಂ ಅಂತ ಹಾಕಿ ಮೇಲಿನವರಿಂದ ಅಪ್ರೂವ್ ಮಾಡಿಸಬೇಕು. ನಾವು ಅದನ್ನ ಟಿಪಿ ಅಂತೀವಿ. ಡಾಕ್ಟರ್‌ಗಳು ಸಿಗೋದು ಬೆಳಿಗ್ಗೆ ಹತ್ತು-ಹನ್ನೊಂದರಿಂದ ಎರಡರವರೆಗೆ, ಆಮೇಲೆ ಸಂಜೆ ಆರರಿಂದ ಒಂಬತ್ತು. ನಡುವೆ ಕೆಮಿಸ್ಟು, ಅವರಿಗೆ ಸಗಟು ಮಾಲು ಕೊಡೋ ಸ್ಟಾಕಿಸ್ಟು. ಸಂಜೆ ಆರರಿಂದ ಒಂಬತ್ತು ಅನ್ನೋದನ್ನ ನೆನಪಿಟ್ಟುಕೊಳ್ಳಿ, ಎಲ್ಲ ತೊಂದರೆ ಇರೋದು ಅಲ್ಲೇ. ಕೂಸು ಆಡೋದು, ಉಣ್ಣೋದು, ಮಲಗೋದು ಎಲ್ಲಾ ಅದೇ ಹೊತ್ತಿಗೆ.

ಮೊದಲು ರಜೆ ವಿಷಯ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ಹೆರಿಗೆ ರಜೆ ಇದೆ, ಎಲ್ಲರಿಗೂ ಗೊತ್ತು. ಅದರಲ್ಲಿ 8 ವಾರದ ತನಕ ಹೆರಿಗೆಗೆ ಮುಂಚೆ ತಗೋಬಹುದು ಅನ್ನೋದೂ ಗೊತ್ತು. ಆದರೆ ಈ ಎರಡನ್ನೂ ಕೂಡಿಸಿ ಕಳೆದು ನೋಡೋರು ಕಡಿಮೆ. ಎಂಟೂ ವಾರ ಮುಂಚೆಯೇ ಖರ್ಚು ಮಾಡಿದರೆ ನೀವು ಡ್ಯೂಟಿಗೆ ಹೋಗೋ ದಿನ ಕೂಸಿಗೆ 18 ವಾರ, ಅಂದ್ರೆ ನಾಲ್ಕು ತಿಂಗಳು ಚಿಲ್ಲರೆ. ಆರು ತಿಂಗಳು ಬರೀ ಎದೆಹಾಲು ಅಂತ ಡಾಕ್ಟರ್ ಹೇಳಿರ್ತಾರೆ, ನಾವೇ ಆ ಡಾಕ್ಟರ್ ಟೇಬಲ್ ಮೇಲೆ ಅದೇ ಮಾತಿನ ಪೋಸ್ಟರ್ ಇಟ್ಟು ಬಂದಿರ್ತೀವಿ! ನಾನು ಕೊನೇ ತಿಂಗಳುಗಳಲ್ಲಿ ಟಿಪಿಯನ್ನ ಪೂರ್ತಿ ಹುಬ್ಬಳ್ಳಿ-ಧಾರವಾಡಕ್ಕೆ ಹಾಕಿಸಿಕೊಂಡೆ. ಎರಡೂ ಊರಿನ ನಡುವೆ ಚಿಗರಿ ಬಸ್ಸು ಓಡುತ್ತೆ, ಎಸಿ ಇದೆ, ಅದಕ್ಕೇ ಅಂತ ಬೇರೆ ರಸ್ತೆ ಇರೋದರಿಂದ ಕುಲುಕಾಟ ಕಡಿಮೆ. ಹಂಗೆ ಉಳಿಸಿದ ವಾರಗಳೆಲ್ಲ ಹೆರಿಗೆ ನಂತರಕ್ಕೆ ಬಂದವು. ನಿಮ್ಮ ಮೈ ಒಪ್ಪಿದರೆ, ಡಾಕ್ಟರ್ ಬೇಡ ಅನ್ನದಿದ್ದರೆ ಮಾತ್ರ ಇದನ್ನ ಮಾಡಿ.

ಅದೇ ಕಾನೂನಿನಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಕಡೆ ಶಿಶುಪಾಲನಾ ಕೊಠಡಿ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು ಅಂತಿದೆ. ಕೂಸಿಗೆ 15 ತಿಂಗಳಾಗೋ ತನಕ ಹಾಲು ಕುಡಿಸೋಕೆ ದಿನಕ್ಕೆ ಎರಡು ಬ್ರೇಕ್ ಕೂಡ ಇದೆ. ಒಳ್ಳೆಯದೇ. ಆದರೆ ನನ್ನ ಆಫೀಸು ಅಂದ್ರೆ ಒಂದು ಬ್ಯಾಗು, ಒಂದು ಟ್ಯಾಬು. ಗದಗದ ಬಸ್ ಸ್ಟ್ಯಾಂಡಿನಲ್ಲಿ ನಿಂತವಳಿಗೆ ಶಿಶುಪಾಲನಾ ಕೊಠಡಿ ಎಲ್ಲಿಂದ ಬರಬೇಕು? ಈ ಕಾನೂನು ಬರೆದವರ ಕಣ್ಣ ಮುಂದೆ ಇದ್ದಿದ್ದು ಫ್ಯಾಕ್ಟರಿ ಮತ್ತು ಆಫೀಸು. ತಿರುಗಾಡೋ ಕೆಲಸದವರು ನಮ್ಮ ದಾರಿ ನಾವೇ ನೋಡ್ಕೋಬೇಕು.

ನಾನು ಕಂಡುಕೊಂಡ ದಾರಿ ನಮ್ಮ ಕೆಲಸದಲ್ಲೇ ಇತ್ತು. ನಮ್ಮಲ್ಲಿ ಕಾಲ್ ಅಂದ್ರೆ ಫೋನ್ ಅಲ್ಲ, ಡಾಕ್ಟರ್ ಭೇಟಿ. ನನ್ನ ಕಾಲ್ ಲಿಸ್ಟಿನಲ್ಲಿ ಮಕ್ಕಳ ಡಾಕ್ಟರ್‌ಗಳೂ ಹೆರಿಗೆ ಡಾಕ್ಟರ್‌ಗಳೂ ಇದ್ದಾರೆ. ಅವರ ನರ್ಸಿಂಗ್ ಹೋಮ್‌ಗಳಲ್ಲಿ ಹಾಲು ಕುಡಿಸೋಕೆ ಅಂತ ಒಂದು ಪರದೆ ಮೂಲೆ ಇದ್ದೇ ಇರುತ್ತೆ. ಮಧ್ಯಾಹ್ನದ ಕಾಲ್‌ಗಳನ್ನ ಅವರ ಸುತ್ತಲೇ ಹಾಕಿಕೊಂಡೆ. ಡಾಕ್ಟರನ್ನ ಭೇಟಿ ಮಾಡೋದು, ಆಮೇಲೆ ಸಿಸ್ಟರ್ ಹತ್ತಿರ "ಹತ್ತು ನಿಮಿಷ ಜಾಗ ಕೊಡ್ರಿ" ಅಂತ ಕೇಳಿ ಪಂಪ್ ಮಾಡಿಕೊಳ್ಳೋದು. ಒಬ್ಬರೂ ಇಲ್ಲ ಅನ್ನಲಿಲ್ಲ. ಬೆಳಗಾವಿಯ ಒಬ್ಬ ಸಿಸ್ಟರ್ ಅಂತೂ ನಾನು ಬರೋ ವಾರ ಲಸಿಕೆ ಕೋಣೆ ಖಾಲಿ ಇಡಿಸಿ, "ಬರ್ರಿ ಅಕ್ಕಾರ, ಮೊದಲ ಚಹಾ ಕುಡೀರಿ" ಅಂತಿದ್ದರು. ಜೊತೆಗಿದ್ದ ರೆಪ್ ಹುಡುಗ ಮೊದಮೊದಲು ನಾಚಿಕೊಂಡು ಹೊರಗೆ ರಸ್ತೆಗೆ ಹೋಗಿ ನಿಲ್ಲುತ್ತಿದ್ದ. ಆಮೇಲೆ ಅವನೇ "ಮೇಡಂ, ಮುಂದಿನ ಕಾಲ್ ಲೇಟಾಗ್ತದ, ನೀವ್ ಇಲ್ಲೇ ಮುಗಿಸ್ಕೊಂಡ್ ಬಿಡ್ರಿ" ಅನ್ನೋ ಮಟ್ಟಕ್ಕೆ ಬಂದ. ಸುಮ್ನೆ ಮುಚ್ಚಿಟ್ಟಷ್ಟೂ ಕಷ್ಟ. ಒಂದು ಸಲ ಬಾಯಿಬಿಟ್ಟು ಹೇಳಿದರೆ ಟೀಮು ತಾನೇ ಹೊಂದಿಕೊಳ್ಳುತ್ತೆ.

ಹಾಲು ಕೆಡದಂತೆ ತರೋದು ಹೇಗೆ? ಹಿಂಡಿದ ಹಾಲು 25 ಡಿಗ್ರಿ ಸೆಖೆಯೊಳಗೆ ಹೊರಗಿಟ್ಟರೆ 4 ಗಂಟೆ ತಡೆಯುತ್ತೆ. ಫ್ರಿಜ್ಜಿನಲ್ಲಿ 4 ದಿನ. ಐಸ್ ಪ್ಯಾಕ್ ಹಾಕಿದ ಥರ್ಮಲ್ ಬ್ಯಾಗಿನಲ್ಲಿ ಒಂದು ದಿನ. ಏಪ್ರಿಲ್‌ನಲ್ಲಿ ವಿಜಯಪುರಕ್ಕೆ ಹೋದವರಿಗೆ ಗೊತ್ತು, ಅಲ್ಲಿ 25 ಡಿಗ್ರಿ ಅನ್ನೋದು ನಸುಕಿನಲ್ಲಿ ಸಿಕ್ಕರೆ ಪುಣ್ಯ. ಇಲ್ಲೂ ನಮ್ಮ ಲೈನೇ ಕೈಹಿಡಿಯಿತು. ಸ್ಟಾಕಿಸ್ಟ್‌ಗಳಿಗೆ ಇನ್ಸುಲಿನ್ನು, ಲಸಿಕೆ ಬರೋದು ಥರ್ಮಾಕೋಲ್ ಡಬ್ಬಿಯಲ್ಲಿ, ಜೆಲ್ ಪ್ಯಾಕ್ ಸುತ್ತಿಟ್ಟು. ಮಾಲು ತೆಗೆದಮೇಲೆ ಆ ಪ್ಯಾಕುಗಳು ಗೋಡೌನ್ ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ. ಒಡೆಯದೇ ಇರೋದನ್ನ ಆರಿಸಿ, ತೊಳೆದು, ಪ್ರತಿ ಊರಿನ ಸ್ಟಾಕಿಸ್ಟ್ ಹತ್ತಿರ ಒಂದೆರಡು ಫ್ರೀಜರ್‌ನಲ್ಲಿ ಇಡಿಸಿದ್ದೆ. ಬೆಳಿಗ್ಗೆ ತಂದ ಪ್ಯಾಕ್ ಕರಗಿದರೆ ಅಲ್ಲಿ ಬದಲಾಯಿಸಿಕೊಂಡು ಮುಂದೆ. ಹಾಲಿನ ಡಬ್ಬಿ ಮೇಲೆ ತಾರೀಖು, ಹೊತ್ತು ಬರೆಯೋದು, ಹಳೇದು ಮೊದಲು ಖರ್ಚು ಮಾಡೋದು. ಇದೆಲ್ಲ ನಾವು ದಿನಾ ಕೆಮಿಸ್ಟ್‌ಗಳಿಗೆ ಹೇಳೋ ಪಾಠವೇ, ಅಲ್ವಾ? ಒಮ್ಮೆ ಫ್ರೀಜರ್‌ನಿಂದ ತೆಗೆದು ಕರಗಿಸಿದ ಹಾಲನ್ನ ಮತ್ತೆ ಗಟ್ಟಿ ಮಾಡೋಕೆ ಇಡಬೇಡಿ, ಅಷ್ಟೇ.

ಈಗ ನಾನು ಇಷ್ಟೆಲ್ಲ ಬರೆಯೋಕೆ ಕೂತ ವಿಷಯಕ್ಕೆ ಬರ್ತೀನಿ. ರಜೆ ಮುಗಿಸಿ ಬಂದಾಗ ನಮ್ಮ ರೀಜನಲ್ ಮ್ಯಾನೇಜರ್ ಒಳ್ಳೆ ಮನಸ್ಸಿನಿಂದಲೇ ಹೇಳಿದರು, "ನಿಮಗೆ ಓಎಸ್ ಬೇಡ, ಬರೀ ಎಕ್ಸ್ ಹಾಕಿ, ದಿನಾ ರಾತ್ರಿ ಮನೆ ಸೇರ್ಕೊಳ್ಳಿ." ಎಲ್ಲರೂ ಹೇಳೋದು ಇದನ್ನೇ. ಮೊದಲ ತಿಂಗಳುಗಳಿಗೆ ಅದು ಸರಿಯಾಗೇ ಇತ್ತು. ಕೂಸು ಹಗಲಲ್ಲಿ ಬಾಟಲಿಯಲ್ಲಿ ಅರ್ಧಂಬರ್ಧ ಕುಡಿದು, ರಾತ್ರಿ ನಾನು ಬಂದಮೇಲೆ ಎರಡೆರಡು ತಾಸಿಗೆ ಎದ್ದು ಬಾಕಿ ವಸೂಲಿ ಮಾಡುತ್ತಿತ್ತು. ಹಾಲು ಕುಡಿಯೋ ಕೂಸಿಗೆ ರಾತ್ರಿ ತಾಯಿ ಬೇಕೇಬೇಕು. ನನಗೆ ನಿದ್ದೆ ಇಲ್ಲ, ಬಸ್ಸಿನಲ್ಲಿ ತೂಕಡಿಕೆ, ಆದರೂ ಬೇರೆ ದಾರಿ ಇರಲಿಲ್ಲ.

ಆಮೇಲೆ ಕೂಸು ರಾಗಿ ಸರಿ, ಮೆತ್ತನ್ನ ಅನ್ನ ಉಣ್ಣೋಕೆ ಶುರು ಮಾಡಿತು. ರಾತ್ರಿ ಏಳೋದು ಕಡಿಮೆ ಆಯ್ತು. ಆಗ ಲೆಕ್ಕ ಪೂರ್ತಿ ಉಲ್ಟಾ ಆಗುತ್ತೆ, ಇದನ್ನ ಯಾರೂ ಹೇಳಲ್ಲ. ಬೆಳಗಾವಿ ಎಕ್ಸ್ ದಿನ ನೋಡಿ. ಹೆಚ್ಚುಕಡಿಮೆ 100 ಕಿಲೋಮೀಟರ್. ಬೆಳಿಗ್ಗೆ ಏಳಕ್ಕೆ ಮನೆ ಬಿಡಬೇಕು, ಕೂಸು ಆಗಷ್ಟೇ ಕಣ್ಣುಜ್ಜುತ್ತಾ ಎದ್ದಿರುತ್ತೆ. ಸಂಜೆ ಓಪಿಡಿ ಮುಗಿಸಿ ಹೊರಟರೆ ಮನೆ ಸೇರೋದು ಹನ್ನೊಂದಕ್ಕೆ. ಅದು ಮಲಗಿ ಎರಡು ತಾಸಿನ ಮೇಲಾಗಿರುತ್ತೆ. ಮಾರನೇ ದಿನ ಮತ್ತೆ ಅದೇ. ಎರಡು ರಾತ್ರಿ ಮನೆಯಲ್ಲೇ ಮಲಗಿದ್ದೀನಿ, ಆದರೆ ಎಚ್ಚರ ಇರೋ ಕೂಸನ್ನ ನೋಡಿದ್ದು ಎರಡೂ ದಿನ ಸೇರಿ ಒಂದು ತಾಸು ಇಲ್ಲ.

ಅದೇ ಎರಡು ದಿನವನ್ನ ಒಂದು ರಾತ್ರಿ ಹಾಲ್ಟ್, ಅಂದ್ರೆ ಓಎಸ್ ಮಾಡಿ ನೋಡಿ. ಮೊದಲ ದಿನ ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಿ, ಎರೆದು, ತಿನ್ನಿಸಿ, ಒಂಬತ್ತಕ್ಕೆ ಹೊರಡೋದು. ಹನ್ನೊಂದೂವರೆಗೆ ಮೊದಲ ಕಾಲ್. ಸಂಜೆ ಓಪಿಡಿ ಅವಸರ ಇಲ್ಲದೆ ಮುಗಿಸಿ ಅಲ್ಲೇ ಮಲಗೋದು. ಎರಡನೇ ದಿನ ಬೆಳಗಿನ ಆಸ್ಪತ್ರೆ ಕಾಲ್‌ಗಳು, ಒಂದೂವರೆ ಬಸ್ಸು, ನಾಲ್ಕಕ್ಕೆಲ್ಲ ಮನೆ. ಅಲ್ಲಿಂದ ಅದು ಮಲಗೋ ತನಕ ಪೂರ್ತಿ ಸಂಜೆ ನನ್ನದು. ಕಂಪನಿಗೆ ತಪ್ಪಿದ್ದು ಒಂದು ಸಂಜೆ. ನನಗೆ ಸಿಕ್ಕಿದ್ದು ಒಂದು ಬೆಳಗು, ಒಂದು ಸಂಜೆ. ಮೇಲಾಗಿ ರಾತ್ರಿ ಹತ್ತರ ಹೈವೇ ಪ್ರಯಾಣ ಒಂದು ಸಲವೂ ಇಲ್ಲ.

ರೀಜನಲ್ ಮ್ಯಾನೇಜರ್‌ಗೆ ಇದು ಮೊದಲು ತಲೆಗೆ ಹೋಗಲಿಲ್ಲ. "ಮಗು ಸಣ್ಣದು ಅಂತೀರಾ, ಓಎಸ್ ಕೇಳ್ತೀರಾ, ಹೋಟೆಲ್ ಬಿಲ್ ಬೇರೆ" ಅಂದರು. ಕಷ್ಟ ಸುಖ ಹೇಳಿಕೊಳ್ಳೋಕೆ ಹೋಗಲಿಲ್ಲ ನಾನು. ಎಕ್ಸ್ ದಿನಗಳಲ್ಲಿ ಎಂಟೂವರೆಗೇ ಬಸ್ಸಿಗೆ ಓಡಬೇಕಾಗಿ ಕೈಬಿಟ್ಟ ಡಾಕ್ಟರ್‌ಗಳ ಹೆಸರು ನಾವು ದಿನಾ ಕಾಲ್‌ಗಳ ಲೆಕ್ಕ ಕೊಡೋ ಡಿಸಿಆರ್ ವರದಿಯಲ್ಲೇ ಇತ್ತು, ಅದನ್ನ ತೆಗೆದು ಮುಂದಿಟ್ಟೆ. ದೊಡ್ಡ ಪ್ರ್ಯಾಕ್ಟೀಸ್ ಇರೋರು ರೆಪ್‌ಗಳನ್ನ ಒಳಗೆ ಕರೆಯೋದೇ ಕೊನೇ ಪೇಷಂಟ್ ಹೋದಮೇಲೆ. ಹಾಲ್ಟ್ ಇದ್ದರೆ ಅವರು ಸಿಗ್ತಾರೆ. ಒಂದು ತಿಂಗಳು ಟ್ರಯಲ್ ಅಂತ ಒಪ್ಪಿದರು, ಆಮೇಲೆ ಆ ಮಾತು ಮತ್ತೆ ಬರಲಿಲ್ಲ.

ಬಾಸ್ ಹತ್ತಿರ ಕೇಳೋದಿದ್ದರೆ "ಟೂರ್ ಕಡಿಮೆ ಮಾಡಿ" ಅಂತ ಕೇಳಬೇಡಿ, ಅದು ಒಂದೆರಡು ತಿಂಗಳಿಗಿಂತ ಜಾಸ್ತಿ ನಡೆಯಲ್ಲ, ಆಮೇಲೆ ನಿಮ್ಮ ಹೆಸರಿನ ಮುಂದೆ ಒಂದು ಗೆರೆ ಬಿದ್ದಿರುತ್ತೆ. ಅಪ್ರೂವ್ ಆದ ಟಿಪಿಯನ್ನ ಹಿಂದಿನ ರಾತ್ರಿ ಬದಲಾಯಿಸಬೇಡಿ ಅಂತ ಕೇಳಿ. ನನ್ನನ್ನ ನಿಜವಾಗಿ ಸುಸ್ತು ಮಾಡುತ್ತಿದ್ದದ್ದು ದೂರ ಅಲ್ಲ, ರಾತ್ರಿ ಹತ್ತಕ್ಕೆ ಬರೋ "ನಾಳೆ ದಾವಣಗೆರೆಗೆ ಬಂದುಬಿಡಿ" ಅನ್ನೋ ಮೆಸೇಜು. ನನ್ನ ಟಿಪಿ ಮೇಲೆ ಅತ್ತೆಯವರ ಆಸ್ಪತ್ರೆ ದಿನ, ಗಂಡನ ಶಿಫ್ಟು, ಕೆಲಸದವಳ ರಜೆ ಎಲ್ಲಾ ನಿಂತಿರುತ್ತೆ. ಲಸಿಕೆ ದಿನಗಳನ್ನ ನಾನು ಎಲ್ಲಕ್ಕಿಂತ ಮೊದಲು ಟಿಪಿಯಲ್ಲಿ ಎಚ್‌ಕ್ಯೂ ಅಂತ ಹಾಕಿಬಿಡ್ತೀನಿ. 9 ತಿಂಗಳು ತುಂಬಿದಮೇಲೆ ದಡಾರ-ರುಬೆಲ್ಲಾ, ಮತ್ತೆ 16ರಿಂದ 24 ತಿಂಗಳೊಳಗೆ ಎರಡನೇ ಡೋಸು, ಡಿಪಿಟಿ ಬೂಸ್ಟರ್. ಚುಚ್ಚಿಸಿದ ದಿನ ಮಾತ್ರ ಅಲ್ಲ, ಮಾರನೇ ದಿನವೂ. ಡಿಪಿಟಿ ಜ್ವರ ಬರೋದು ಆವಾಗ.

ಬಸ್ ವಿಷಯ ಬಂತಲ್ಲ, ಒಂದು ತಮಾಷೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳು ನಮಗೆ ಫ್ರೀ. ಸೊನ್ನೆ ರೂಪಾಯಿ ಟಿಕೆಟ್ ಕೊಡ್ತಾರೆ. ಅದನ್ನ ಕ್ಲೇಮ್‌ಗೆ ಹಚ್ಚಿದರೆ ಅಕೌಂಟ್ಸ್‌ನವರು ಮೊತ್ತ ಇಲ್ಲ ಅಂತ ವಾಪಸ್ ಕಳಿಸಿದರು. ಮೊತ್ತ ಇಲ್ಲದೆ ಟೂರ್ ಮಾಡಿದ್ದು ನಂಬೋಕೆ ಅವರಿಗೆ ಒಂದು ವಾರ ಬೇಕಾಯ್ತು.

ಮನೆ ಕಡೆ ಜಾಸ್ತಿ ಹೇಳೋದಿಲ್ಲ, ಅತ್ತೆ ಇಲ್ಲದಿದ್ದರೆ ಇದು ಯಾವುದೂ ಆಗ್ತಿರಲಿಲ್ಲ, ಅಷ್ಟೇ ಸತ್ಯ. ಅತ್ತೆಯೋ ಅಮ್ಮನೋ ಹತ್ತಿರ ಇಲ್ಲದವರಿಗೆ ನನ್ನ ಅನುಭವ ಅರ್ಧ ಮಾತ್ರ ಉಪಯೋಗ. ವೀಡಿಯೋ ಕಾಲ್ ಬಗ್ಗೆ ಮಾತ್ರ ಅತ್ತೆಯಿಂದ ಕಲಿತದ್ದು ಒಂದಿದೆ. ಮಲಗಿಸೋ ಹೊತ್ತಿಗೆ ಫೋನ್ ಮಾಡುತ್ತಿದ್ದೆ, ಮುಖ ನೋಡಿದ ಕೂಡಲೇ ಕೂಸು ಅಳೋಕೆ ಶುರು. "ಮಾರಿ ತೋರಿಸಿ ಫೋನ್ ಇಡ್ತೀ, ಆಮ್ಯಾಲ ರಂಬಿಸಾಕಿ ನಾನು. ಮುಂಜಾನಿ ಮಾಡ ಬೇಕಾರ" ಅಂದರು. ಬೆಳಿಗ್ಗೆ ಹೊಟ್ಟೆ ತುಂಬಿ ಆಡೋ ಹೊತ್ತಿಗೆ ಮಾಡಿದರೆ ನಗುತ್ತೆ, ಫೋನ್ ನೆಕ್ಕುತ್ತೆ, ಮರೆತು ಆಟಕ್ಕೆ ಹೋಗುತ್ತೆ. ಗಂಡನೂ ಹೊತ್ತು ಕಳೆದ ಹಾಗೆ ಕಲಿತರು. ಓಎಸ್ ರಾತ್ರಿಗಳೇ ಅದಕ್ಕೆ ಕಾರಣ ಅಂತ ನನ್ನ ನಂಬಿಕೆ. ನಾನು ಪಕ್ಕದ ಕೋಣೆಯಲ್ಲಿದ್ದರೆ ಅವರು ಯಾವತ್ತೂ ಡೈಪರ್ ಹುಡುಕುತ್ತಿರಲಿಲ್ಲ.

ಕಳಕೊಂಡದ್ದು ಇಲ್ವಾ? ಇದೆ. ಕಲಬುರಗಿ ಕಡೆಯ ಏರಿಯಾವನ್ನೂ ಸೇರಿಸಿ ನೋಡ್ಕೊಳ್ಳಿ ಅಂದಾಗ ಬೇಡ ಅಂದೆ. ಅದನ್ನ ತಗೊಂಡವರು ಈಗ ನನಗಿಂತ ಒಂದು ಮೆಟ್ಟಿಲು ಮೇಲಿದ್ದಾರೆ. ಗೊತ್ತಿದ್ದೇ ಬಿಟ್ಟದ್ದು, ಆದರೂ ರಿವ್ಯೂ ಮೀಟಿಂಗ್‌ನಲ್ಲಿ ಅವರ ಎದುರು ಕೂತಾಗ ಸ್ವಲ್ಪ ಉರಿಯುತ್ತೆ.

ಮೊನ್ನೆ ನಮ್ಮ ಕಾರವಾರ ಭಾಗದ ರೆಪ್ ಹುಡುಗನಿಗೆ ಮಗಳು ಹುಟ್ಟಿದಳು. ಕೇಂದ್ರ ಸರ್ಕಾರಿ ನೌಕರಿಯಲ್ಲಿದ್ದರೆ ಅಪ್ಪನಿಗೂ 15 ದಿನ ರಜೆ ಸಿಗುತ್ತಿತ್ತು, ಖಾಸಗಿಯವರಿಗೆ ಅಂಥ ಕಾನೂನಿಲ್ಲ. "ಮೇಡಂ, ನನ್ನ ಟಿಪಿ ಒಂಚೂರು ನೋಡ್ತೀರೇನ್ರೀ?" ಅಂತ ಕೇಳಿದ. ಇಬ್ಬರೂ ಕೂತು ಅವನ ತಿಂಗಳನ್ನ ಬಿಚ್ಚಿ ಮತ್ತೆ ಕಟ್ಟಿದೆವು. ಅಂಕೋಲಾ, ಕುಮಟಾ ಎಕ್ಸ್ ದಿನಗಳನ್ನ ಕೂಡಿಸಿ ಒಂದು ಹಾಲ್ಟ್ ಮಾಡಿ, ಬಾಕಿ ದಿನ ಎಚ್‌ಕ್ಯೂ. ಹೊನ್ನಾವರ ಆ ತಿಂಗಳು ಪೂರ್ತಿ ಬಿಟ್ಟುಹೋಯ್ತು. ರಿವ್ಯೂನಲ್ಲಿ ಹೊನ್ನಾವರ ಯಾಕೆ ಸೊನ್ನೆ ಅಂತ ಕೇಳಿದರು. ಮುಂದಿನ ತಿಂಗಳು ನಾನೇ ಅವನ ಜೊತೆ ಹೋಗಿ ಕವರ್ ಮಾಡ್ತೀನಿ ಅಂದೆ. ಟಿಪಿಯಲ್ಲಿ ಹಾಕಿದ್ದೀನಿ, ಒಂದು ರಾತ್ರಿ ಹಾಲ್ಟ್.