ಹೊಳೆಯುವ ಫಲಕದ ಅಳತೆ: ಏಳನೆಯ ರಾತ್ರಿಯವರೆಗೆ

ರಾತ್ರಿ ವಾಹನದ ದೀಪ ಬಿದ್ದೊಡನೆ ಹೊಳೆಯುವ ರಸ್ತೆ ಫಲಕಗಳ ಹಾಳೆ ಎಷ್ಟು ಬೆಳಕು ಮರಳಿಸುತ್ತದೆಂದು ಮನೆಯಲ್ಲೇ ಅಳೆಯುತ್ತಿದ್ದೇನೆ. ಮೊದಲ ಮೂರು ರಾತ್ರಿಗಳ ಅಳತೆಯನ್ನು ಹೊಡೆದುಹಾಕಿದ್ದೇನೆ. ಮೊಬೈಲ್ ಕ್ಯಾಮೆರಾ ತನ್ನಷ್ಟಕ್ಕೆ ಎಕ್ಸ್‌ಪೋಷರ್ (ಚಿತ್ರಕ್ಕೆ ಒಳಬಿಡುವ ಬೆಳಕಿನ ಪ್ರಮಾಣ) ಬದಲಿಸುತ್ತ, ಮಂಕು ಹಾಳೆಯನ್ನು ಎತ್ತಿ, ಪ್ರಖರವಾದದ್ದನ್ನು ಇಳಿಸಿ, ಎರಡನ್ನೂ ಸರಿಸಮ ಮಾಡಿಟ್ಟಿತ್ತು. ಅದನ್ನು ಒಂದೇ ಮಟ್ಟಕ್ಕೆ ಕಟ್ಟಿಹಾಕಿದ ಮೇಲೆಯೇ ಅಂಕಿಗಳಿಗೆ ಮರ್ಯಾದೆ ಬಂದದ್ದು.

ನನ್ನ ಬಳಿ ಇರುವುದು ಪ್ರತಿಫಲಕ ಹಾಳೆಯ ಎರಡು ತುಂಡು. ಒಂದರಲ್ಲಿ ಗಾಜಿನ ಸೂಕ್ಷ್ಮ ಮಣಿಗಳು, ಇನ್ನೊಂದರಲ್ಲಿ ಘನದ ಮೂಲೆಯಂತೆ ಮೂರು ಮುಖಗಳು ಕೂಡುವ ಪುಟ್ಟ ಪ್ರಿಸಂಗಳು. ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುವುದು ಎರಡರದೂ ಕೆಲಸ. ತೊಡಕಿರುವುದೂ ಅಲ್ಲೇ: ಬೆಳಕು ಮರಳುವುದು ದೀಪಕ್ಕೆ, ಚಾಲಕನ ಕಣ್ಣಿಗಲ್ಲ. ಅದು ಕಿರಿದಾದ ಶಂಕುವಾಗಿ ಹರಡುವುದರಿಂದ ಕಣ್ಣಿಗೂ ಪಾಲು ಸಿಗುತ್ತದೆ, ಅಷ್ಟೆ. ಕಣ್ಣು ಹೆಡ್‌ಲೈಟಿಗಿಂತ 60 ಸೆಂಟಿಮೀಟರ್ ಮೇಲಿದ್ದರೆ, 100 ಮೀಟರ್ ದೂರದ ಫಲಕದಲ್ಲಿ ಇವೆರಡರ ನಡುವಣ ಕೋನ ಸುಮಾರು 0.34 ಡಿಗ್ರಿ, 30 ಮೀಟರಿಗೆ ಬಂದಾಗ 1.15. ಲಾರಿಯ ಚಾಲಕ ಇನ್ನೂ ಎತ್ತರದಲ್ಲಿ ಕೂರುವುದರಿಂದ ಅದೇ ಫಲಕ ಅವನಿಗೆ ಮಂಕು. ನಾನು ಇಷ್ಟು ದಿನ ಟಾರ್ಚನ್ನು ಹಣೆಗೆ ಒತ್ತಿ ಹಿಡಿದು ‘ಆಹಾ, ಏನು ಹೊಳಪು’ ಎನ್ನುತ್ತಿದ್ದದ್ದು ಎಂಥ ಮೋಸದ ಪರೀಕ್ಷೆ!

ಐದನೆಯ ರಾತ್ರಿ ಹಾಳೆಗಳನ್ನು 10 ಮೀಟರ್ ದೂರದಲ್ಲಿ ನಿಲ್ಲಿಸಿ, ಟಾರ್ಚ್ ಕದಲಿಸದೆ ಕ್ಯಾಮೆರಾವನ್ನು ಮಾತ್ರ ಮೇಲೇರಿಸಿದೆ. ಅಲ್ಲಿ 3.5 ಸೆಂಟಿಮೀಟರ್ ಎಂದರೆ 0.2 ಡಿಗ್ರಿ, 17.5 ಎಂದರೆ 1 ಡಿಗ್ರಿ. ಮೊದಲ ಮೆಟ್ಟಿಲಲ್ಲಿ ಪ್ರಿಸಂ ಹಾಳೆ ಮಣಿ ಹಾಳೆಯನ್ನು ನಾಚಿಸಿತು. ಒಂದು ಡಿಗ್ರಿಗೆ ಬಂದಾಗ ಎರಡೂ ಸೊರಗಿದ್ದವು, ಅಂತರವೂ ಬಹಳ ಕುಗ್ಗಿತ್ತು.

ಏಳನೆಯ ರಾತ್ರಿ ಇಬ್ಬನಿಯ ಸರದಿ. ಸಿಂಪಡಿಸುವ ಬಾಟಲಿಯಿಂದ ಸಣ್ಣ ಹನಿ ಕೂರಿಸಿದೊಡನೆ ಎರಡೂ ಹಾಳೆಗಳು ಬೂದಿ ಬಳಿದಂತಾದವು. ಪ್ರತಿ ಹನಿಯೂ ಒಂದೊಂದು ಮಸೂರವಾಗಿ ಕಿರಣಗಳನ್ನು ಕಂಡಕಂಡ ಕಡೆ ತಿರುಗಿಸುತ್ತದೆ. ಚೆಂಬು ನೀರು ಸುರಿದು ನಯವಾದ ಪದರ ಮೂಡಿಸಿದರೆ ಹೊಳಪು ಬಹುಪಾಲು ಮರಳಿತು. ಮಳೆಗಿಂತ ಇಬ್ಬನಿಯೇ ಕಾಡುತ್ತದೆಂದು ನಾನು ಎಣಿಸಿರಲಿಲ್ಲ. ರಸ್ತೆಯ ಬಿಳಿ ಗೆರೆಯ ಕಥೆ ಬೇರೆ: ಅಲ್ಲಿ ಬಣ್ಣದಲ್ಲಿ ಹುದುಗಿಸಿದ ಗಾಜಿನ ಮಣಿಗಳು ತೆರೆದೇ ಇರುವುದರಿಂದ ಮೇಲೆ ನೀರು ನಿಂತರೆ ಬೆಳಕು ಬೇಕಾದಷ್ಟು ಬಾಗದೆ ಹೊಳಪು ಕುಂದುತ್ತದೆ.

ಮುಂದಿನ ಸುತ್ತಿನಲ್ಲಿ ಪ್ರಿಸಂ ಹಾಳೆಯನ್ನು ಅದರ ಸಮತಲದಲ್ಲೇ ತಿರುಗಿಸಿ, ಹೊಳಪು ಬದಲಾಗುತ್ತದೆಯೇ ಎಂದು ನೋಡಬೇಕು. ಅದಕ್ಕೆಂದು ಡಿಗ್ರಿ ಗುರುತು ಹಾಕಿದ ರಟ್ಟಿನ ಚಕ್ರ ಕತ್ತರಿಸಿದ್ದೇನೆ. ನಡುವಿನ ತೂತು ಮಾತ್ರ ಸೊಟ್ಟಗಾಗಿದೆ.